ಹರಪನಹಳ್ಳಿಯ ಅರ್ಜಿ

ನಲ್ಲಿಗೋ ಚರಂಡಿಗೋ ನಾವು ಪುರಸಭೆಗೆ ಅರ್ಜಿ ಕೊಡುತ್ತೇವೆ. ಹಣ ಬರುವ ಹಾದಿಯನ್ನು ಜಿಲ್ಲೆಯ ಗಡಿಯೂ ತೀರ್ಮಾನಿಸುವುದೆಂದು ನಾನು ತಿಳಿದದ್ದು ಹರಪನಹಳ್ಳಿಯ ಚರಿತ್ರೆಯಿಂದ.

ಕೂಡ್ಲಿಗಿ, ಕೊಟ್ಟೂರು, ಹಡಗಲಿಗಳೊಡನೆ ಬಳ್ಳಾರಿ ಜಿಲ್ಲೆಯ ಈ ಊರೂ 1953ರಲ್ಲಿ ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿತು. 1997ರಲ್ಲಿ ಹರಪನಹಳ್ಳಿ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಹೋಯಿತು. ಬಳ್ಳಾರಿಗಿಂತ ದಾವಣಗೆರೆ ಹತ್ತಿರ. ಕಚೇರಿ ಕೆಲಸಕ್ಕೆ ಅನುಕೂಲವೇ ಆಯಿತು.

ಆದರೆ 2013ರಲ್ಲಿ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದು, ಬಳ್ಳಾರಿಯೂ ಸೇರಿ ಆರು ಜಿಲ್ಲೆಗಳಿಗೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅನುದಾನ, ಓದು-ನೌಕರಿಗಳಲ್ಲಿ ಮೀಸಲಾತಿ ದೊರೆತವು. ನೆರೆಯ ಹಗರಿಬೊಮ್ಮನಹಳ್ಳಿಗೆ ಸಿಕ್ಕ ಪಾಲು ಹರಪನಹಳ್ಳಿಗೆ ಇಲ್ಲವಾಯಿತು. ಜನ ಬೀದಿಗಿಳಿದರು; ಶಾಸಕ ಎಂ. ಪಿ. ರವೀಂದ್ರ ಅವರ ಬೇಡಿಕೆಗೆ ದನಿಯಾದರು. 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು.

ಕಚೇರಿ ದೂರವಾದರೂ ಪಾಲು ಬರಲಿ ಎಂದ ಜನರ ಲೆಕ್ಕ ನನಗೆ ಸರಿಯೆನಿಸುತ್ತದೆ. ಆ ಹಣ ಯಾವ ಬೀದಿಗೆ ಬಿತ್ತೆಂಬ ಪ್ರಶ್ನೆಯನ್ನು ಮಾತ್ರ ಮತ್ತೆ ಪುರಸಭೆಯ ಬಾಗಿಲಲ್ಲೇ ಕೇಳಬೇಕು.