ಕೈಕೋವಿಯ ಒರೆ: ಕಾಫಿಯ ಮಲೆನಾಡಿನಲ್ಲಿ ಚರ್ಮದಿಂದ ನೈಲಾನಿಗೆ

ಚಾರ್ಮಾಡಿ ಘಟ್ಟವನ್ನೇರಿ ಬಂದ ಮಾರ್ಗವು ಮೂಡಿಗೆರೆಯನ್ನು ಸೇರುವ ಮುನ್ನ ಕೊಟ್ಟಿಗೆಹಾರದಲ್ಲಿ ಕವಲೊಡೆಯುತ್ತದೆ. ಒಂದು ಶಾಖೆ ಬಾಳೂರಿನ ಕಡೆಯಿಂದ ಕಳಸಕ್ಕೆ ಸಾಗುತ್ತದೆ. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಈ ಘಟ್ಟದ ನೆತ್ತಿಯಲ್ಲಿ ಮಳೆಯೂ ಮಂಜೂ ಬಿಡುವು ಕೊಡುವುದು ಅಪರೂಪ. ಪೆಟ್ಟಿಗೆಯ ಬಟ್ಟೆ, ಕಪಾಟಿನ ಪುಸ್ತಕ, ಗೋಡೆಗೆ ತೂಗುಹಾಕಿದ ಚರ್ಮದ ಪಟ್ಟಿ, ಇವೆಲ್ಲಕ್ಕೂ ಬೂಷ್ಟು ಹಿಡಿಯುವುದು ಇಲ್ಲಿಯ ನಿತ್ಯಾನುಭವ. ಇಂಥ ಪ್ರದೇಶದಲ್ಲಿ ಸೊಂಟದಲ್ಲಿ ಆಯುಧವನ್ನು ಧರಿಸುವವನು ಅದನ್ನು ಯಾವ ಬಗೆಯ ಒರೆಯಲ್ಲಿಟ್ಟು ಧರಿಸಬೇಕು ಎಂಬ ಪ್ರಶ್ನೆ ಅಲ್ಪವೆಂದು ತೋರಬಹುದು. ಆದರೆ ಆಯುಧಗಳ ಚರಿತ್ರೆಯನ್ನು ಬರೆದವರು ಅಲಗನ್ನೂ ನಳಿಗೆಯನ್ನೂ ವರ್ಣಿಸಿದಷ್ಟು ಅವುಗಳ ಒರೆಯನ್ನು ವರ್ಣಿಸಿಲ್ಲ. ಆ ಕೊರತೆಯನ್ನು ಗಮನದಲ್ಲಿಟ್ಟು, ಪಿಸ್ತೂಲು ರಿವಾಲ್ವರುಗಳೆಂಬ ಕೈಕೋವಿಗಳ ಸೊಂಟದೊರೆಯು ಚರ್ಮದಿಂದ ನೈಲಾನಿಗೆ ಬಂದ ಬಗೆಯನ್ನೂ, ಅದನ್ನು ಆರಿಸಿಕೊಳ್ಳುವವನಿಗೆ ಈ ಚರಿತ್ರೆ ಹೇಳುವ ಮಾತನ್ನೂ ಇಲ್ಲಿ ವಿಚಾರಿಸುತ್ತೇವೆ.

ಸೊಂಟದಲ್ಲಿ ಆಯುಧವನ್ನು ಧರಿಸುವುದು ಈ ನಾಡಿಗೆ ಹೊಸತಲ್ಲ. ಹೊಯ್ಸಳರ ಮೂಲಸ್ಥಾನವೆಂದು ಪ್ರಸಿದ್ಧವಾದ ಸೊಸೆವೂರು, ಎಂದರೆ ಇಂದಿನ ಅಂಗಡಿ, ಮೂಡಿಗೆರೆ ತಾಲ್ಲೂಕಿಗೇ ಸೇರಿದುದು. ಕನ್ನಡನಾಡಿನ ವೀರಗಲ್ಲುಗಳಲ್ಲಿ ನಡುಪಟ್ಟಿಗೆ ಸುರಗಿಯನ್ನು ಸಿಕ್ಕಿಸಿಕೊಂಡ ವೀರರ ಶಿಲ್ಪಗಳು ಕಾಣಸಿಗುತ್ತವೆ. ಇಂದಿಗೂ ತೋಟಕ್ಕೆ ಹೊರಟ ಮಲೆನಾಡಿಗನು ಸೊಂಟಕ್ಕೆ ಕೊಕ್ಕೆಯನ್ನು ಕಟ್ಟಿ ಅದರಲ್ಲಿ ಕತ್ತಿಯನ್ನು ಸಿಕ್ಕಿಸಿಕೊಳ್ಳುತ್ತಾನೆ. ಈ ಕೊಕ್ಕೆ ಅಲಗನ್ನು ಮುಚ್ಚುವುದಿಲ್ಲ, ಹಿಡಿದುಕೊಳ್ಳುತ್ತದೆ, ಅಷ್ಟೆ. ನೀರು ನಿಲ್ಲಲು ಅದರಲ್ಲಿ ಎಡೆಯಿಲ್ಲವಾದುದರಿಂದ ಮಳೆಗೆ ಅದು ಅಂಜುವುದೂ ಇಲ್ಲ.

ಇದೇ ಸಮಸ್ಯೆಗೆ ನೆರೆಯ ಕೊಡಗಿನಲ್ಲಿ ಎರಡು ಪರಿಹಾರಗಳು ಏಕಕಾಲದಲ್ಲಿ ಬಳಕೆಯಲ್ಲಿದ್ದುವು. ಅಗಲವಾದ ಬಾಗಿದ ಒಡಿಕತ್ತಿಯನ್ನು ಬೆನ್ನ ಹಿಂದೆ, ಪಟ್ಟಿಗೆ ಜೋಡಿಸಿದ ತೊಡಂಗ್ ಎಂಬ ಲೋಹದ ಹಿಡಿಕೆಯಲ್ಲಿ, ಒರೆಯಿಲ್ಲದೆಯೇ ಸಿಕ್ಕಿಸುತ್ತಿದ್ದರು. ಚಿಕ್ಕದಾದ ಪೀಚೆಕತ್ತಿಯನ್ನಾದರೋ ಅಲಂಕೃತವಾದ ಒರೆಯಲ್ಲಿಟ್ಟು ಮುಂಭಾಗದಲ್ಲಿ ಚೇಲೆಗೆ ಸಿಕ್ಕಿಸಿ ಸರಪಣಿಯಿಂದ ಭದ್ರಪಡಿಸುತ್ತಿದ್ದರು. ದೊಡ್ಡ ಆಯುಧಕ್ಕೆ ಹಿಡಿತ ಸಾಕು, ಮೈಗೆ ಹತ್ತಿರವಾದ ಚಿಕ್ಕ ಆಯುಧಕ್ಕೆ ಹಿಡಿತದೊಡನೆ ಹೊದಿಕೆಯೂ ಬೇಕು ಎಂಬ ವಿವೇಕ ಈ ಎರಡು ಕ್ರಮಗಳಲ್ಲಿ ಅಡಗಿದೆ. ಕೈಕೋವಿಯು ಎರಡನೆಯ ವರ್ಗಕ್ಕೆ ಸೇರಿದುದು.

ಕೈಕೋವಿಯಾದರೂ ಮೊದಲು ಸೊಂಟದಲ್ಲಿರಲಿಲ್ಲ. ಯೂರೋಪಿನ ಕುದುರೆ ಸವಾರರು ಉದ್ದವಾದ ಪಿಸ್ತೂಲುಗಳನ್ನು ಜೀನಿನ ಮುಂಭಾಗಕ್ಕೆ ತೂಗಿದ ಚೀಲಗಳಲ್ಲಿ ಒಯ್ಯುತ್ತಿದ್ದರು. 1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟನಿಗೆ ಅಮೆರಿಕದಲ್ಲಿ ರಿವಾಲ್ವರಿನ ಪೇಟೆಂಟ್ ದೊರೆತ ತರುವಾಯ ಆಯುಧವು ಕ್ರಮೇಣ ಜೀನಿನಿಂದ ಸವಾರನ ಸೊಂಟಕ್ಕೆ ಬಂದಿತು. ಈ ಪರಿವರ್ತನೆಯಲ್ಲಿ ಭಾರತಕ್ಕೂ ಒಂದು ಪಾತ್ರವುಂಟು. 1858ರ ಆಗಸ್ಟ್ 31ರಂದು ಪೀಲಿಭೀತಿನ ಸಮೀಪದ ಕಾಳಗದಲ್ಲಿ ಸ್ಯಾಮ್ ಬ್ರೌನ್ ಎಂಬ ಅಶ್ವದಳದ ಅಧಿಕಾರಿ ಎಡತೋಳನ್ನು ಕಳೆದುಕೊಂಡನು. ಒಂದು ಕೈಯಿಂದ ಕತ್ತಿಯ ಒರೆಯನ್ನು ಹಿಡಿದು ಮತ್ತೊಂದರಿಂದ ಕತ್ತಿಯನ್ನು ಹಿರಿಯುವುದು ಅವನಿಗೆ ಅಸಾಧ್ಯವಾಯಿತು. ಆದಕಾರಣ ಒರೆಯು ತೂಗಾಡದಂತೆ, ಬಲಭುಜದ ಮೇಲಿಂದ ಹಾಯ್ದು ಬರುವ ಪಟ್ಟಿಯ ಆಧಾರವಿದ್ದ ಸೊಂಟಪಟ್ಟಿಯೊಂದನ್ನು ಅವನು ರೂಪಿಸಿಕೊಂಡನು. ಅವನ ಹೆಸರಿನಿಂದಲೇ ಪ್ರಸಿದ್ಧವಾದ ಆ ಪಟ್ಟಿ ಮುಂದೆ ಅನೇಕ ದೇಶಗಳ ಸೈನ್ಯ ಮತ್ತು ಪೊಲೀಸರ ಉಡುಪಿನ ಅಂಗವಾಯಿತು. ಒಂದೇ ಕೈಯವನಿಗೆ ಒದಗಬೇಕಾದರೆ ಒರೆಯು ತನ್ನಷ್ಟಕ್ಕೆ ತಾನೇ ಸ್ಥಿರವಾಗಿ ನಿಲ್ಲಬೇಕು ಎಂಬ ತತ್ತ್ವ ಅದರಿಂದ ಸ್ಪಷ್ಟವಾಗುತ್ತದೆ.

ಕಾಫಿಯ ಬೆಟ್ಟಗಳಿಗೆ ಬಂದ ಐರೋಪ್ಯ ತೋಟಗಾರರು ಈ ಬಗೆಯ ಚರ್ಮದ ಸಾಮಗ್ರಿಗಳನ್ನು ಬಲ್ಲವರಾಗಿದ್ದರು. 1856ರಲ್ಲಿ ಮಂಜರಾಬಾದಿಗೆ ಬಂದು ತೋಟ ಮಾಡಿದ ರಾಬರ್ಟ್ ಎಲಿಯಟ್ಟನು 1894ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿಯೇ ಚಿನ್ನ, ಕಾಫಿಗಳ ಜೊತೆಗೆ ಬೇಟೆಯೂ ಸೇರಿದೆ. ಆದರೆ ಇಲ್ಲಿಯ ಮುಖ್ಯ ಆಯುಧ ಅಂದೂ ಇಂದೂ ಉದ್ದನಳಿಗೆಯ ಕೋವಿಯೇ ಹೊರತು ಕೈಕೋವಿಯಲ್ಲ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ಬರೆಹಗಳನ್ನು ಓದಿದವರಿಗೆ ಇದು ವಿದಿತವೇ ಆಗಿದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ತರುವಾಯ ಬೇಟೆಯ ಕಾಲ ಮುಗಿದು, ಬೆಳೆರಕ್ಷಣೆ ಮತ್ತು ಆತ್ಮರಕ್ಷಣೆಗಳೇ ಲೈಸೆನ್ಸಿಗೆ ಕಾರಣಗಳಾಗಿ ಉಳಿದುವು. ಕೈಕೋವಿಯುಳ್ಳ ತೋಟಗಾರನು ವಿರಳ. ಆದರೆ ಅವನಿಗೂ, ಘಟ್ಟದ ಮಾರ್ಗದಲ್ಲಿ ಕರ್ತವ್ಯದ ಮೇಲಿರುವ ಪೊಲೀಸ್ ಅಧಿಕಾರಿಗೂ ಮಳೆಗಾಲ ಒಡ್ಡುವ ಪರೀಕ್ಷೆ ಒಂದೇ.

ಆ ಪರೀಕ್ಷೆಯಲ್ಲಿ ಚರ್ಮವು ಸೋಲುವುದೇಕೆ? ನಮ್ಮ ನಾಡಿನಲ್ಲಿ ತಂಗಡಿಯ ತೊಗಟೆ, ಅಳಲೆಕಾಯಿ ಮೊದಲಾದುವುಗಳಿಂದ ಚರ್ಮವನ್ನು ಹದಮಾಡುತ್ತಿದ್ದರು. ಹೀಗೆ ಹದಮಾಡಿದ ಚರ್ಮ ಬಿರುಸಾಗಿದ್ದು, ನೆನೆಸಿ ಅಚ್ಚಿಗೆ ಒತ್ತಿದರೆ ಆಯುಧದ ಆಕಾರವನ್ನೇ ತಾಳುತ್ತದೆ. ಒರೆಗೆ ಅದು ಪ್ರಿಯವಾದುದು ಇದರಿಂದಲೇ. ಆದರೆ ನೆನೆದು ಆಕಾರ ತಾಳುವ ವಸ್ತು ಮರಳಿ ನೆನೆದರೆ ಆಕಾರವನ್ನು ಬಿಡುವುದೂ ಸಹಜ. ಅಲ್ಲದೆ ಅದರಲ್ಲಿಯ ಆಮ್ಲಾಂಶವೂ ತೇವವೂ ಕೂಡಿ ಉಕ್ಕಿಗೆ ತುಕ್ಕನ್ನೂ, ಹಿತ್ತಾಳೆಯ ತೋಟೆಗಳಿಗೆ ಹಸುರು ಕಿಲುಬನ್ನೂ ತರುತ್ತವೆ. 20ನೆಯ ಶತಮಾನದ ಆರಂಭದಲ್ಲಿ ಆಲ್ಫ್ರೆಡ್ ಚಾಟರ್ಟನ್ನನು ಮದರಾಸಿನಲ್ಲಿ ಕ್ರೋಮ್ ಲವಣಗಳಿಂದ ಹದಮಾಡುವ ಕ್ರಮವನ್ನು ಬಳಕೆಗೆ ತಂದನು. ಇವನೇ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾಗಿ ಬಂದವನು. ಕ್ರೋಮ್ ಚರ್ಮ ನೀರನ್ನು ಹೆಚ್ಚು ಸಹಿಸುತ್ತದೆ. ಆದರೆ ಮೆದುವಾದುದರಿಂದ ಅಚ್ಚಿನ ಆಕಾರವನ್ನು ಹಾಗೆ ತಾಳುವುದಿಲ್ಲ.

ನೈಲಾನಿನ ಕಥೆ ಇಲ್ಲಿಂದ ಮುಂದಿನದು. 1935ರಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆಯ ಪ್ರಯೋಗಾಲಯದಲ್ಲಿ ವಾಲೇಸ್ ಕರೋದರ್ಸನ ತಂಡವು ಇದನ್ನು ಸಿದ್ಧಪಡಿಸಿತು. 1938ರಲ್ಲಿ ಲೋಕಕ್ಕೆ ಪ್ರಕಟವಾಯಿತು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಶೂಟು, ಹಗ್ಗಗಳಿಗೆ ಒದಗಿದ ಈ ನೂಲು ಕೈಕೋವಿಯ ಒರೆಗೆ ಬಂದುದು ತಡವಾಗಿ. 1980ರ ದಶಕದಲ್ಲಿ ಅಮೆರಿಕದ ಸೈನ್ಯವು ಹೊಸ ಪಿಸ್ತೂಲನ್ನು ಸ್ವೀಕರಿಸಿದಾಗ, ಅದರೊಡನೆ ಬಿಯಾಂಕಿ ಸಂಸ್ಥೆಯ ನೈಲಾನ್ ಒರೆಯನ್ನೂ ಸ್ವೀಕರಿಸಿ, ದಶಕಗಳ ಚರ್ಮದ ಒರೆಯನ್ನು ಕೈಬಿಟ್ಟಿತು. ಸಾಮಾನ್ಯ ಹವೆಯಲ್ಲಿ ನೈಲಾನ್ ಹೀರುವ ತೇವ ತನ್ನ ತೂಕದ ಶೇಕಡ 4ರಷ್ಟು ಮಾತ್ರ. ಚರ್ಮವು ಅದರ ಹಲವು ಪಾಲು ಹೀರುತ್ತದೆ. ನೈಲಾನಿನ ಎಳೆಯನ್ನು ಬೂಷ್ಟು ತಿನ್ನುವುದೂ ಇಲ್ಲ.

ಇಷ್ಟನ್ನೇ ನೋಡಿ ನೈಲಾನ್ ಗೆದ್ದಿತೆಂದು ತೀರ್ಮಾನಿಸುವುದು ಅವಸರವಾದೀತು. ವ್ಯಾಪಾರಿಗಳು ಬಟ್ಟೆಯ ದಪ್ಪವನ್ನು ಡೆನಿಯರ್ ಎಂಬ ಅಳತೆಯಿಂದ ಹೇಳುತ್ತಾರೆ. 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಮೋ ಅದು ಅಷ್ಟು ಡೆನಿಯರ್. 1,000 ಡೆನಿಯರಿನ ಬಟ್ಟೆ ಕಾಫಿಗಿಡದ ರೆಂಬೆಗೆ ತರಚಿ ಹರಿಯುವುದು ಸುಲಭವಲ್ಲ. ಆದರೆ ಒರೆಯು ಬಟ್ಟೆಯೊಂದರಿಂದಲೇ ಆದುದಲ್ಲ. ಹೊರಬಟ್ಟೆಗೂ ಒಳಬಟ್ಟೆಗೂ ನಡುವೆ ನೊರೆಯಂಥ ಮೆತ್ತೆಯ ಪದರವುಂಟು. ಅದು ನೀರು ಹೀರುವ ಜಾತಿಯದಾದರೆ ಒರೆಯು ದಿನಗಟ್ಟಲೆ ಆರುವುದಿಲ್ಲ. ಬಟ್ಟೆಯ ಒಳಮೈಗೆ ಬಳಿದ ಲೇಪ ಆರ್ದ್ರವಾದ ಹವೆಯಲ್ಲಿ ವರ್ಷಗಳು ಕಳೆದಂತೆ ಅಂಟಾಗಿ ಕಳಚುತ್ತದೆ. ಹೊಲಿಗೆಯ ದಾರ ಹತ್ತಿಯದಾದರೆ ಬಟ್ಟೆಗಿಂತ ಮೊದಲು ಅದೇ ಕೊಳೆಯುತ್ತದೆ. ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲನು ಬಟ್ಟೆಗಂಟುವ ಮುಳ್ಳುಕಾಯಿಯನ್ನು ಕಂಡು ಕಲ್ಪಿಸಿದ ವೆಲ್ಕ್ರೋ ಪಟ್ಟಿ, ಕೆಸರೂ ಹುಲ್ಲಿನ ಬೀಜವೂ ತುಂಬಿದರೆ ಹಿಡಿತವನ್ನು ಕಳೆದುಕೊಳ್ಳುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಅನೇಕ ಅಳತೆಯ ಆಯುಧಗಳಿಗೆ ಒಂದೇ ಒರೆಯೆಂದು ಹೊಲಿದುದು ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ. ಕಾನ್ಪುರದಲ್ಲಿ ತಯಾರಾಗಿ 2014ರಲ್ಲಿ ಹೊರಬಂದ ನಿರ್ಭೀಕ್ ಎಂಬ .32 ರಿವಾಲ್ವರಿನ ತೂಕ ಸುಮಾರು 500 ಗ್ರಾಂ. ಇಂಥ ಹಗುರವಾದ ಆಯುಧ ಸಡಿಲವಾದ ಒರೆಯಲ್ಲಿದ್ದರೆ, ಬಗ್ಗಿ ಏಳುವಾಗ ಜಾರಿ ಬಿದ್ದುದು ಧರಿಸಿದವನ ಗಮನಕ್ಕೆ ಬಾರದೆಯೂ ಹೋಗಬಹುದು.

ಆದಕಾರಣ ಆರಿಸುವವನು ನೋಡಬೇಕಾದುದು ಇವು: ಒರೆಯು ಆ ಒಂದು ಮಾದರಿಯ ಆಯುಧಕ್ಕೇ ಅಳತೆಯಾಗಿರಬೇಕು, ಕುದುರೆಯನ್ನೂ ಅದರ ಬಳೆಯನ್ನೂ ಸಂಪೂರ್ಣವಾಗಿ ಮುಚ್ಚಿ, ಹೊರಗಿನಿಂದ ಬೆರಳಾಗಲಿ ಕಡ್ಡಿಯಾಗಲಿ ತಾಗದಂತಿರಬೇಕು, ಆಯುಧವನ್ನು ತೆಗೆದಾಗ ಬಾಯಿ ಕುಸಿಯದಂತೆ ಅಂಚಿನಲ್ಲಿ ಬಿರುಸಾದ ಆಧಾರವಿರಬೇಕು, ಪಟ್ಟಿಯ ಕುಣಿಕೆ ಸೊಂಟಪಟ್ಟಿಯ ಅಗಲಕ್ಕೆ ಸರಿಹೊಂದಬೇಕು, ಮೇಲೆ ಗುಂಡಿಯಿಂದ ಭದ್ರವಾಗುವ ಮುಚ್ಚಳವೋ ಪಟ್ಟಿಯೋ ಇರಬೇಕು. ಒರೆ ಎಷ್ಟೇ ಉತ್ತಮವಾದರೂ ಆಯುಧವನ್ನು ರಾತ್ರಿ ಅದರಲ್ಲಿಯೇ ಬಿಡಬಾರದು; ಗುಂಡುಗಳನ್ನು ತೆಗೆದು, ಒರಸಿ, ಎಣ್ಣೆ ಸವರಿ, ಬೀಗದೊಳಗೆ ಇಡಬೇಕು.

ಕಾನೂನೂ ಇದೇ ದಿಕ್ಕಿನಲ್ಲಿ ಸಾಗಿದೆ. 1878ರ ಆಯುಧ ಅಧಿನಿಯಮ ಮುಖ್ಯವಾಗಿ ಯಾರ ಬಳಿ ಆಯುಧವಿರಬೇಕೆಂಬುದನ್ನು ಚಿಂತಿಸಿತು. ಅದರ ಸ್ಥಾನದಲ್ಲಿ 1959ರ ಅಧಿನಿಯಮ 1962ರಿಂದ ಜಾರಿಗೆ ಬಂದಿತು. 2016ರ ನಿಯಮಗಳಾದರೋ ಆಯುಧವನ್ನು ಹೇಗೆ ಒಯ್ಯಬೇಕೆಂಬುದನ್ನೂ ಹೇಳಿ, ಸಾರ್ವಜನಿಕ ಸ್ಥಳದಲ್ಲಿ ಕೈಕೋವಿಯು ಒರೆಯಲ್ಲಿಯೋ ಅಂಥ ಚೀಲದಲ್ಲಿಯೋ ಪೂರ್ಣವಾಗಿ ಮುಚ್ಚಿರಬೇಕೆಂದು ವಿಧಿಸಿದುವು. ಒರೆಯು ಅಲಂಕಾರವಾಗಿದ್ದ ಕಾಲ ಹೋಗಿ, ಅದು ಧರಿಸಿದವನ ಹೊಣೆಯ ಭಾಗವಾಯಿತು.

ಒಟ್ಟಿನಲ್ಲಿ, ತೋಟದ ಕೊಕ್ಕೆಯಿಂದ ನೈಲಾನ್ ಒರೆಯವರೆಗಿನ ಈ ಚರಿತ್ರೆ ಒಂದೇ ಮಾತನ್ನು ಹೇಳುತ್ತದೆಂದು ನಮಗೆ ತೋರುತ್ತದೆ. ಒರೆಯ ಬಾಳಿಕೆಯೆಂದರೆ ಬಟ್ಟೆಯ ಬಾಳಿಕೆಯಲ್ಲ, ಹಿಡಿತದ ಬಾಳಿಕೆ. ಹತ್ತು ಮಳೆಗಾಲಗಳನ್ನು ಕಂಡೂ ಹರಿಯದ ಬಟ್ಟೆ, ಹನ್ನೊಂದನೆಯ ಮಳೆಗಾಲದಲ್ಲಿ ಆಯುಧವನ್ನು ಹಾದಿಯಲ್ಲಿ ಬೀಳಿಸಿದರೆ ಅದನ್ನು ಬಾಳಿತೆನ್ನಲಾಗದು. ಹಾದಿಯಲ್ಲಿ ಬಿದ್ದ ಆಯುಧ ಮೊದಲು ಯಾರ ಕೈಗೆ ಸಿಕ್ಕೀತು ಎಂಬುದನ್ನು ಯೋಚಿಸಿದವನಿಗೆ, ಒರೆಯ ಆಯ್ಕೆ ಕೋವಿಯ ಆಯ್ಕೆಗಿಂತ ಕಡಮೆಯದೆಂದು ಎನಿಸಲಾರದು.