ಜಾರ್‌ಗಳ ಸಾಲು

ಮೊನ್ನೆ ಗುರುವಾರ ರಾತ್ರಿ, ಇಲ್ಲಿ ಬರ್ವಾ ಅಲ್ ಬರಾಹಾದಲ್ಲಿ, ನಾನು ಬರೆದ ಸಂಬಳದ ಪ್ರೋಗ್ರಾಮು ಕೈಕೊಡ್ತು. ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಟೆಸ್ಟುಗಳೆಲ್ಲ ಪಾಸ್. ಲಿನಕ್ಸ್ ಸರ್ವರಿನಲ್ಲಿ ನೋಸಚ್‌ಮೆಥಡ್‌ಎರರ್! ಒಂದೇ ಲೈಬ್ರರಿಯ ಹಳೇದು, ಹೊಸದು ಎರಡೂ ಜಾರ್ ಒಂದೇ ಫೋಲ್ಡರಿನಲ್ಲಿದ್ದವು.

ಕ್ಲಾಸ್‌ಪಾತಿನಲ್ಲಿ ಮೊದಲು ಸಿಕ್ಕಿದ್ದನ್ನೇ ಎತ್ತಿಕೊಳ್ಳೋದು ಜಾವಾದ ಹಳೇ ಚಾಳಿ. ಮುಂಚೆ ಜಾರ್‌ಗಳ ಹೆಸರನ್ನು ಒಂದೊಂದಾಗಿ ಬರೆಯಬೇಕಿತ್ತು. ಬೇಜಾರಿನ ಕೆಲಸವೇ, ಆದ್ರೆ ಸಾಲು ನಮ್ಮ ಕೈಲಿತ್ತು. 2006ರಲ್ಲಿ ಜಾವಾ 6 ನಕ್ಷತ್ರ ಚಿಹ್ನೆ ಕೊಟ್ಟಿತು, ಫೋಲ್ಡರಿನ ಜಾರ್‌ಗಳೆಲ್ಲ ಒಟ್ಟಿಗೆ ಬಂದವು. ಯಾವುದು ಮೊದಲು ಅನ್ನೋದಕ್ಕೆ ಮಾತ್ರ ಖಾತ್ರಿ ಇಲ್ಲ ಅಂತ ಅದರ ಕೈಪಿಡಿಯಲ್ಲೇ ಇದೆ. (ನಾನು ಓದಿದ್ದು ಅವತ್ತೇ!) 2017ರ ಜಾವಾ 9ರ ಮಾಡ್ಯೂಲುಗಳು ಇಂಥ ಗೊಂದಲವನ್ನು ಶುರುವಿನಲ್ಲೇ ತಡೆಯುತ್ತವೆ, ನಮ್ಮ ಹಳೇ ಕೋಡು ಅಲ್ಲಿಗೆ ಹೋಗೇ ಇಲ್ಲ.

ಈಗ ಸಾಲನ್ನು ಬೇಕಂತಲೇ ತಿರುಗಾಮುರುಗಾ ಮಾಡಿ ಎರಡೆರಡು ಸಲ ಟೆಸ್ಟ್ ಓಡಿಸ್ತೀನಿ. ಪಕ್ಕದ ರೂಮಿನವರ ಸಂಬಳ ಅವತ್ತು ಒಂದು ದಿನ ತಡವಾಯ್ತು. ಊರಿಗೆ ದುಡ್ಡು ಕಳಿಸೋಕೆ ಕಾದಿದ್ದ ಅವರಿಗೆ ಕಾರಣ ನಾನೇ ಅಂತ ಇನ್ನೂ ಹೇಳಿಲ್ಲ.