‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’

2019ರ ಆಗಸ್ಟಿನಲ್ಲಿ ಘಟಪ್ರಭೆಗೆ ಮಹಾಪೂರ ಬಂದಿದ್ದು ನಿಮಗೆ ನೆನಪಿರಬಹುದು. ಗೋಕಾಕ ಪೇಟೆಯೊಳಗೆ ನೀರು ನುಗ್ಗಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ರಿ. ಟಿವಿಯಲ್ಲಿ ಬರದ ಸುದ್ದಿ ಏನಂದ್ರೆ, ಫಾಲ್ಸ್‌ಗೆ ಹತ್ತಿರದ ನಮ್ಮೂರಿನ ಹಳ್ಳದ ಸಣ್ಣ ಸೇತುವೆಯೂ ಅದೇ ಮಳೆಯಲ್ಲಿ ಅರ್ಧ ಕೊಚ್ಚಿ ಹೋಯಿತು. ಆಮೇಲೆ ಮಣ್ಣು ತುಂಬಿ ದಾರಿ ಮಾಡಿದ್ರು. ಪ್ರತಿ ಮಳೆಗಾಲ ಆ ಮಣ್ಣು ಹೋಗುತ್ತೆ, ಪ್ರತಿ ಬೇಸಿಗೆ ಮತ್ತೆ ಬೀಳುತ್ತೆ. ಹಳ್ಳಕ್ಕೆ ನೀರು ಬಂದ ದಿನ ಶಾಲೆ ಮಕ್ಕಳು ಸುತ್ತು ಹಾಕಿ ಹೋಗಬೇಕು, ಇಲ್ಲಾ ಮನೆಯಲ್ಲಿ ಕೂರಬೇಕು.

ನಾನು ಬೆಂಗಳೂರಿನಲ್ಲಿ ಕೂತು ಒಂದು ಆರ್‌ಟಿಐ ಅರ್ಜಿ ಬರೆದೆ. ಹತ್ತು ರೂಪಾಯಿ ಶುಲ್ಕ ಕಟ್ಟಿದೆ. ಈ ಸೇತುವೆ ಯಾರ ಲೆಕ್ಕದಲ್ಲಿದೆ, ದುರಸ್ತಿಗೆ ಅಂದಾಜುಪಟ್ಟಿ ಆಗಿದೆಯಾ, ಇಷ್ಟೇ ಪ್ರಶ್ನೆ. ಉತ್ತರ ಬಂತು, ಒಂದೇ ಸಾಲು: ‘ಸದರಿ ವಿಷಯವು ನಮ್ಮ ವ್ಯಾಪ್ತಿಗೆ ಬರುವುದಿಲ್ಲ.’

ಸಾಫ್ಟ್‌ವೇರ್ ಕೆಲಸದಲ್ಲಿರೋ ನಮಗೆ ಇದು ಹೊಸದೇನಲ್ಲ. ಟಿಕೆಟ್ ಬರುತ್ತೆ, ‘ಇದು ನಮ್ಮ ಟೀಮಿಂದಲ್ಲ’ ಅಂತ ಇನ್ನೊಬ್ಬರ ತಲೆಗೆ ಹಾಕ್ತೀವಿ, ಅವರು ಮತ್ತೊಬ್ಬರಿಗೆ. ಆದರೂ ಅವತ್ತು ಆ ಕಾಗದ ಹಿಡಿದುಕೊಂಡಾಗ ನನಗೆ ನೆನಪಾಗಿದ್ದು ಆಫೀಸಲ್ಲ, ನಮ್ಮಜ್ಜ.

ನಮ್ಮ ಮುತ್ತಜ್ಜ ಫಾಲ್ಸ್‌ನ ಗಿರಣಿಯಲ್ಲಿ ದುಡಿದವನು. ಅಜ್ಜ ಚಿಕ್ಕವನಿದ್ದಾಗ ಅವನಿಗೆ ಬುತ್ತಿ ಒಯ್ದು ಕೊಡ್ತಿದ್ದ. ಮನೆಯಲ್ಲಿ ಗಡಿಯಾರ ಇರಲಿಲ್ಲ, ಗಿರಣಿಯ ಭೋಂಗಾನೇ ಊರಿಗೆಲ್ಲ ಗಡಿಯಾರ. ಇಂಜಿನಿಯರಿಂಗ್ ಓದುವಾಗ ರಜೆಗೆ ಹೋದ ನಾನು ಒಮ್ಮೆ ಕೇಳಿದ್ದೆ, ‘ಅಜ್ಜಾ, ಅವಾಗ ದಿನಕ್ಕ ಎಷ್ಟ ತಾಸ ಕೆಲಸ ಇರ್ತಿತ್ತು?’

‘ಅದನ್ನ ಯಾರ್ ಕೇಳ್ತಿದ್ರೋ ತಮ್ಮಾ? ಭೋಂಗಾ ಆತಂದ್ರ ಹೋಗೂದು, ಭೋಂಗಾ ಆತಂದ್ರ ಬರೂದು.’

ಅಜ್ಜ ಹೋಗಿ ಹತ್ತು ವರ್ಷದ ಮೇಲಾಯ್ತು. ಅವನ ‘ಯಾರ್ ಕೇಳ್ತಿದ್ರೋ’ ಅನ್ನೋ ಮಾತಿಗೆ ಉತ್ತರ ಸಿಕ್ಕಿದ್ದು ತೀರಾ ಈಚೆಗೆ. ಕೇಳುವವರು ಇದ್ದರು. ಆದರೆ ಅವರು ಕೂತಿದ್ದು ಲಂಡನ್ನಿನಲ್ಲಿ.

ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ನಡೆದ ಮಾತುಕತೆಯ ದಾಖಲೆಗೆ ಹ್ಯಾನ್ಸಾರ್ಡ್ ಅಂತ ಹೆಸರು. 1803ರಿಂದ ಮುಂದಿನದೆಲ್ಲ ಈಗ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಓದಬಹುದು. ಅದರಲ್ಲಿ ಭಾಷಣಗಳಿಗಿಂತ ನನಗೆ ರುಚಿಸೋದು ಪ್ರಶ್ನೋತ್ತರ. ವಾರದಲ್ಲಿ ನಾಲ್ಕು ದಿನ, ಮಧ್ಯಾಹ್ನ ಒಂದು ಗಂಟೆಯ ಹೊತ್ತು, ಸದಸ್ಯರು ಮಂತ್ರಿಗಳನ್ನು ನಿಲ್ಲಿಸಿ ಕೇಳ್ತಿದ್ರು. ಬಾಯಿಮಾತಿನ ಉತ್ತರ ಬೇಕಾದ ಪ್ರಶ್ನೆಗೆ ನಕ್ಷತ್ರದ ಗುರುತು. ನಮ್ಮ ಲೋಕಸಭೆಯ ‘ಚುಕ್ಕೆ ಗುರುತಿನ ಪ್ರಶ್ನೆ’ ಅಲ್ಲಿಂದಲೇ ಬಂದಿದ್ದು. ಕೇಳುವವರ ಸಾಲು ಎಷ್ಟು ಬೆಳೀತು ಅಂದ್ರೆ, 1920ರ ಹೊತ್ತಿಗೆ ಒಬ್ಬ ಸದಸ್ಯ ದಿನಕ್ಕೆ ಮೂರಕ್ಕಿಂತ ಹೆಚ್ಚು ಚುಕ್ಕೆ ಪ್ರಶ್ನೆ ಕೇಳಬಾರದು ಅಂತ ಮಿತಿ ಹಾಕಿದರು. ಎರಡು ಮಹಾಯುದ್ಧಗಳ ನಡುವಿನ ಆ ಇಪ್ಪತ್ತು ವರ್ಷ ಬ್ರಿಟನ್ನಿಗೆ ಕಷ್ಟದ ಕಾಲ. ಟೆಲಿಫೋನು, ಅಂಚೆ, ಕಲ್ಲಿದ್ದಲ ಗಣಿ, ನಿರುದ್ಯೋಗ ಭತ್ಯೆ, ಎಲ್ಲದರ ಬಗ್ಗೆಯೂ ಪ್ರಶ್ನೆಗಳು. ಅವುಗಳ ಮಧ್ಯೆ ಭಾರತದ ಗಿರಣಿಗಳೂ ಬರ್ತಿದ್ದವು.

ಯಾಕೆ ಅಂದ್ರೆ ಲ್ಯಾಂಕಾಶೈರ್. ಅಲ್ಲಿನ ಬಟ್ಟೆಗೆ ಭಾರತವೇ ದೊಡ್ಡ ಸಂತೆ. ಮೊದಲ ಮಹಾಯುದ್ಧಕ್ಕೆ ಮುಂಚೆ ವರ್ಷಕ್ಕೆ ಸುಮಾರು 300 ಕೋಟಿ ಗಜ ಬಟ್ಟೆ ಇಲ್ಲಿಗೆ ಬರ್ತಿತ್ತು. 1930ರ ದಶಕ ಮುಗಿಯುವಷ್ಟರಲ್ಲಿ ಅದು ಹತ್ತರಲ್ಲಿ ಒಂದು ಪಾಲಿನ ಆಸುಪಾಸಿಗೆ ಕುಸಿಯಿತು. ನಮ್ಮ ಗಿರಣಿಗಳು ಬೆಳೆದಿದ್ದವು, ಜಪಾನಿನವರು ಬಂದಿದ್ದರು, ಗಾಂಧಿಯವರ ಸ್ವದೇಶಿ ಬೇರೆ. ಲ್ಯಾಂಕಾಶೈರಿನ ಗಿರಣಿಗಳಿಗೆ ಬೀಗ ಬೀಳ್ತಾ ಇದ್ದರೆ ಅಲ್ಲಿನ ಸದಸ್ಯರು ಸುಮ್ಮನೆ ಕೂರೋಕಾಗುತ್ತಾ? ಭಾರತ ಯಾಕೆ ಆಮದು ಸುಂಕ ಏರಿಸಿತು, ಭಾರತದ ಗಿರಣಿಯಲ್ಲಿ ಕೆಲಸದ ತಾಸು ಎಷ್ಟು, ಮಕ್ಕಳನ್ನು ಯಾವ ವಯಸ್ಸಿಗೆ ದುಡಿಸ್ತಾರೆ, ಇವೇ ಅವರ ಪ್ರಶ್ನೆಗಳು.

ಅವರ ಮನಸ್ಸಿನಲ್ಲಿದ್ದಿದ್ದು ನಮ್ಮ ಮುತ್ತಜ್ಜ ಅಲ್ಲ, ತಮ್ಮ ಮತದಾರರು. ಲ್ಯಾಂಕಾಶೈರಿನ ಹತ್ತಿ ಗಿರಣಿಗಳಲ್ಲಿ 1919ರಿಂದ ವಾರಕ್ಕೆ 48 ತಾಸು. ಭಾರತದಲ್ಲಿ 1911ರ ಕಾಯ್ದೆ ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ 12 ತಾಸಿನ ಮಿತಿ ಹಾಕಿತ್ತು. 1922ರ ಕಾಯ್ದೆ ಅದನ್ನು ದಿನಕ್ಕೆ 11, ವಾರಕ್ಕೆ 60ಕ್ಕೆ ಇಳಿಸಿತು. 12 ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಸೇರಿಸಿಕೊಳ್ಳೋ ಹಾಗಿಲ್ಲ ಅಂತಲೂ ಹೇಳಿತು. 48ಕ್ಕೂ 60ಕ್ಕೂ ಪೈಪೋಟಿ ಸರಿಯಲ್ಲ ಅನ್ನೋದು ಅವರ ತಕರಾರು.

ಬೇರೆ ಥರದವರೂ ಇದ್ದರು. ಶಾಪುರ್ಜಿ ಸಕ್ಲಾತ್ವಾಲಾ ಅಂತ ಒಬ್ಬ ಪಾರ್ಸಿ. ಮುಂಬಯಿಯಲ್ಲಿ ಹುಟ್ಟಿದವರು, ಜಮ್‌ಷೆಟ್‌ಜಿ ಟಾಟಾ ಅವರ ತಂಗಿಯ ಮಗ. ಆದರೆ ಕಮ್ಯುನಿಸ್ಟ್. ಲಂಡನ್ನಿನ ಬ್ಯಾಟರ್ಸೀ ನಾರ್ತ್ ಕ್ಷೇತ್ರದಿಂದ 1922ರಲ್ಲಿ, ಮತ್ತೆ 1924ರಲ್ಲಿ ಗೆದ್ದು 1929ರವರೆಗೆ ಸದಸ್ಯರಾಗಿದ್ದರು. ಭಾರತದ ಕೂಲಿ ತಗ್ಗಿದ್ದರೆ ಬ್ರಿಟನ್ನಿನ ಕೂಲಿಗೂ ಕುತ್ತು, ಹಾಗಾಗಿ ಇಬ್ಬರೂ ಒಂದಾಗಬೇಕು ಅನ್ನೋದು ಅವರ ವಾದ. 1927ರಲ್ಲಿ ಭಾರತಕ್ಕೆ ಬಂದು ಹೋದ ಮೇಲೆ, ಹುಟ್ಟಿದ ದೇಶಕ್ಕೆ ಮತ್ತೆ ಬರೋಕೇ ಅವರಿಗೆ ಪರವಾನಗಿ ಸಿಗಲಿಲ್ಲ.

ಇನ್ನು ಉತ್ತರಗಳು. ಇಲ್ಲಿಗೆ ಬಂದಾಗ ನನ್ನ ಕೈಲಿದ್ದ ಆರ್‌ಟಿಐ ಕಾಗದದ ವಂಶಾವಳಿ ಸಿಕ್ಕ ಹಾಗಾಯ್ತು. 1921ರಲ್ಲಿ ಭಾರತ ಸರ್ಕಾರ ಬಟ್ಟೆಯ ಆಮದು ಸುಂಕವನ್ನು ಶೇ. 11ಕ್ಕೆ ಏರಿಸಿತು. ಲ್ಯಾಂಕಾಶೈರಿನವರು ಭಾರತ ಮಂತ್ರಿ ಮಾಂಟೆಗು ಹತ್ತಿರ ನಿಯೋಗ ಹೋದರು. ಸುಂಕದ ವಿಷಯ ಭಾರತ ಸರ್ಕಾರಕ್ಕೂ ಅಲ್ಲಿನ ಶಾಸನಸಭೆಗೂ ಬಿಟ್ಟಿದ್ದು, ಅವರಿಬ್ಬರೂ ಒಪ್ಪಿದ್ದಕ್ಕೆ ನಾನು ಕೈ ಹಾಕಲ್ಲ ಅನ್ನೋ ಅರ್ಥದ ಉತ್ತರ ಬಂತು. ಇದು ಮುಂದೆ ಒಂದು ಸಂಪ್ರದಾಯವೇ ಆಯಿತು. ಒಂದು ಲೆಕ್ಕಕ್ಕೆ ನಮಗಿದು ಒಳ್ಳೆಯದೇ. 1896ರಿಂದ ನಮ್ಮ ಗಿರಣಿ ಬಟ್ಟೆಯ ಮೇಲಿದ್ದ ಶೇ. 3.5ರ ಅಬಕಾರಿ ಸುಂಕ 1926ಕ್ಕೆ ರದ್ದಾಗೋಕೆ ಈ ಸ್ವಾತಂತ್ರ್ಯವೂ ಒಂದು ಕಾರಣ. ಆದರೆ ಕೂಲಿ, ತಾಸು, ಮುಷ್ಕರದ ಪ್ರಶ್ನೆ ಬಂದಾಗಲೂ ಮಂತ್ರಿಗಳು ಎಷ್ಟೋ ಸಲ ಇದೇ ಬಾಗಿಲಿನಿಂದ ಆಚೆ ಹೋಗ್ತಿದ್ದರು.

ಸರಿ, ಲಂಡನ್ ಅಲ್ಲ ಅಂದ್ರೆ ಎಲ್ಲಿ ಕೇಳಬೇಕು? 1919ರ ಸುಧಾರಣೆಯ ಪ್ರಕಾರ ಪ್ರಾಂತ್ಯದ ಆಡಳಿತ ಎರಡು ಹೋಳು. ಶಿಕ್ಷಣ, ಆರೋಗ್ಯ, ಸ್ಥಳೀಯ ಸಂಸ್ಥೆ ಇವೆಲ್ಲ ಶಾಸನಸಭೆಗೆ ಉತ್ತರ ಕೊಡಬೇಕಾದ ಭಾರತೀಯ ಮಂತ್ರಿಗಳ ಕೈಗೆ. ಪೊಲೀಸ್, ಕಂದಾಯ, ನೀರಾವರಿ, ಕಾರ್ಖಾನೆ ತಪಾಸಣೆ ಗವರ್ನರನ ಕೈಯಲ್ಲೇ. ಗೋಕಾಕ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ನಮ್ಮ ಫಾಲ್ಸ್ ಮೇಲೆ ಈ ಗೆರೆ ಎಳೆದು ನೋಡಿ. ಊರ ಶಾಲೆಯ ಬಗ್ಗೆ ಮಂತ್ರಿಯನ್ನು ಕೇಳಬಹುದು. ಮೇಲೆ ಧೂಪದಾಳದ ಒಡ್ಡು ಕಟ್ಟಿ ನಿಲ್ಲಿಸಿದ ಘಟಪ್ರಭೆಯ ನೀರು ಗವರ್ನರನ ಪಾಲು. 1887ರಿಂದ ಆ ನೀರಿನ ಬಲದಲ್ಲಿ ನೂಲು ತೆಗೀತಿದ್ದ ಗಿರಣಿಯ ತಪಾಸಣೆಯೂ ಗವರ್ನರನ ಪಾಲು. ಮುಂಬಯಿ ಶಾಸನಸಭೆಯಲ್ಲಿ ಪ್ರಶ್ನೆ ಕೇಳಬಹುದಿತ್ತು, ಉಪಪ್ರಶ್ನೆಯನ್ನೂ ಎಸೆಯಬಹುದಿತ್ತು, ಆದರೆ ಉತ್ತರ ಕೊಟ್ಟವನನ್ನು ಕುರ್ಚಿಯಿಂದ ಇಳಿಸೋಕೆ ಆಗ್ತಿರಲಿಲ್ಲ. ಆಸ್ತಿ ಇದ್ದವರಿಗಷ್ಟೇ ಮತ ಇದ್ದ ಕಾಲ ಅದು. ನಮ್ಮ ಮುತ್ತಜ್ಜನಿಗೆ ಮತವೂ ಇರಲಿಲ್ಲ. ಅಜ್ಜ ಹೇಳಿದ್ದು ಆ ಮಟ್ಟಿಗೆ ಖರೇನೇ.

ಈ ಕಥೆಯಲ್ಲಿ ನನಗೆ ತುಂಬ ಹಿಡಿಸಿದ ಮನುಷ್ಯ ಜೆ. ಎಚ್. ವ್ಹಿಟ್ಲಿ. ಹ್ಯಾಲಿಫ್ಯಾಕ್ಸ್ ಊರಿನ ಹತ್ತಿ ನೂಲುವ ಗಿರಣಿಯ ಮನೆತನದವರು. 1921ರಿಂದ 1928ರವರೆಗೆ ಕಾಮನ್ಸ್ ಸಭೆಯ ಸ್ಪೀಕರ್. ಅಂದ್ರೆ ನಾನು ಮೇಲೆ ಹೇಳಿದ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಕೂಗಿ ಕರೆದು, ಆ ಜಾರುವ ಉತ್ತರಗಳನ್ನೆಲ್ಲ ಏಳು ವರ್ಷ ಕೂತು ಕೇಳಿದವರು. ನಿವೃತ್ತ ಸ್ಪೀಕರ್‌ಗಳಿಗೆ ಕೊಡುವ ಲಾರ್ಡ್ ಪದವಿಯನ್ನು ಬೇಡ ಅಂದರು.

ಅಷ್ಟರಲ್ಲಿ ಇಲ್ಲಿ ಬಿಸಿ ಏರಿತ್ತು. 1928ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮುಂಬಯಿಯ ಸುಮಾರು ಒಂದೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. 1929ರ ಮಾರ್ಚಿನಲ್ಲಿ ಕಾರ್ಮಿಕ ನಾಯಕರನ್ನು ಹಿಡಿದು ಮೀರತ್ ಪಿತೂರಿ ಮೊಕದ್ದಮೆ ಹಾಕಿದರು. ಅದರಲ್ಲಿ ಬ್ರಿಟಿಷರೂ ಇದ್ದದ್ದರಿಂದ ಪಾರ್ಲಿಮೆಂಟಿನಲ್ಲಿ ಪ್ರಶ್ನೆಗಳ ಸುರಿಮಳೆ. ಅವರಲ್ಲೊಬ್ಬ ಫಿಲಿಪ್ ಸ್ಪ್ರಾಟ್, ಮುಂದೆ ನಮ್ಮ ಬೆಂಗಳೂರಿನಲ್ಲೇ ಪತ್ರಿಕೆ ಸಂಪಾದಕರಾಗಿ ನೆಲೆಸಿದರು. ಇನ್ನು ‘ನಮ್ಮದಲ್ಲ’ ಅಂತ ಹೇಳಿ ತಪ್ಪಿಸಿಕೊಳ್ಳೋದು ಕಷ್ಟವಾಯಿತು. 1929ರಲ್ಲಿ ಭಾರತದ ಕಾರ್ಮಿಕರ ಸ್ಥಿತಿ ನೋಡೋಕೆ ಒಂದು ರಾಯಲ್ ಕಮಿಷನ್ ನೇಮಕವಾಯಿತು. ಅಧ್ಯಕ್ಷರು ವ್ಹಿಟ್ಲಿ. ಕಾರ್ಮಿಕ ನಾಯಕ ಎನ್. ಎಂ. ಜೋಶಿ ಅದರಲ್ಲಿದ್ದರು, ಉದ್ಯಮಿ ಜಿ. ಡಿ. ಬಿರ್ಲಾ ಕೂಡ. ಅದಕ್ಕೆ ಸಹಕರಿಸಬೇಕೋ ಬಹಿಷ್ಕರಿಸಬೇಕೋ ಅನ್ನೋ ಜಗಳದಲ್ಲೇ ಎಐಟಿಯುಸಿ ನಾಗಪುರದಲ್ಲಿ ಒಡೆದು ಹೋಳಾಯಿತು.

ಪ್ರಶ್ನೆ ಕೇಳಿಸಿಕೊಂಡು ಕೂತಿದ್ದ ಮನುಷ್ಯ ಈಗ ತಾನೇ ಊರೂರು ತಿರುಗಿ ಕೇಳತೊಡಗಿದರು. 1931ರ ವರದಿಯ ಮುಖ್ಯ ಶಿಫಾರಸುಗಳಲ್ಲಿ ಒಂದು: ದಿನಕ್ಕೆ 10 ತಾಸು, ವಾರಕ್ಕೆ 54. ಅದು 1934ರ ಕಾರ್ಖಾನೆ ಕಾಯ್ದೆಯಾಗಿ 1935ರ ಜನವರಿ 1ರಿಂದ ಜಾರಿಗೆ ಬಂತು. ಲಂಡನ್ನಿನ ಲೆಕ್ಕಕ್ಕೆ ಗೋಕಾಕ ಅಂದ್ರೆ ಮುಂಬಯಿ ಪ್ರಾಂತ್ಯದ ಹತ್ತಾರು ಗಿರಣಿಗಳಲ್ಲಿ ಒಂದು, ಅಷ್ಟೇ. ಆದರೆ ಕಾಯ್ದೆ ಎಲ್ಲರಿಗೂ ಒಂದೇ. ನಮ್ಮ ಮುತ್ತಜ್ಜನ ವಾರದಲ್ಲಿ ಕಾಯ್ದೆಯ ಪ್ರಕಾರ ಆರು ತಾಸು ಉಳಿದವು. ಅದಕ್ಕೆ ಕಾರಣರಾದವರಲ್ಲಿ ತನ್ನ ಬಟ್ಟೆ ಮಾರಾಟವಾಗಲಿ ಅಂತ ಕೇಳಿದ ಲ್ಯಾಂಕಾಶೈರಿನವನಿದ್ದ, ಕ್ರಾಂತಿಯಾಗಲಿ ಅಂತ ಕೇಳಿದ ಸಕ್ಲಾತ್ವಾಲಾ ಇದ್ದರು, ಹೊಟ್ಟೆಗಿಲ್ಲದೆ ಆರು ತಿಂಗಳು ಬೀದಿಯಲ್ಲಿ ನಿಂತ ಮುಂಬಯಿಯ ಕಾರ್ಮಿಕರಿದ್ದರು. ಕೊನೆಯವರ ಪಾಲು ದೊಡ್ಡದು. ಉಳಿದವರದು ಇಲ್ಲವೇ ಇಲ್ಲ ಅನ್ನೋಕೂ ಆಗಲ್ಲ. ಕೇಳಿದವರ ಉದ್ದೇಶ ಏನೇ ಇರಲಿ, ಕೇಳಿದ್ದು ದಾಖಲೆಯಾಗಿ ಉಳೀತಿತ್ತು. ಉತ್ತರ ಜಾರಿದ್ದೂ ದಾಖಲೆಯಾಗ್ತಿತ್ತು.

(1946ರ ತಿದ್ದುಪಡಿ ವಾರದ ಮಿತಿಯನ್ನು 48ಕ್ಕೆ ತಂದಿತು. ವಾರಕ್ಕೆ 70 ತಾಸು ದುಡೀಬೇಕು ಅಂತ ಈಗ ಯಾರಾದ್ರೂ ನಮಗೆ ಉಪದೇಶ ಮಾಡಿದರೆ, 1922ರ ಕಾಯ್ದೆಯ 60ನ್ನು ನೆನಪಿಸಿ.)

ವ್ಹಿಟ್ಲಿ ಅವರ ಕಥೆಗೆ ಇನ್ನೊಂದು ತಿರುವಿದೆ. 1930ರಲ್ಲಿ ಅವರು ಬಿಬಿಸಿಯ ಅಧ್ಯಕ್ಷರಾದರು, 1935ರಲ್ಲಿ ತೀರಿಕೊಳ್ಳೋ ತನಕ ಅಲ್ಲೇ ಇದ್ದರು. ಬಿಬಿಸಿ 1927ರಿಂದ ಸಾರ್ವಜನಿಕ ನಿಗಮ. ಅದರ ದಿನನಿತ್ಯದ ವ್ಯವಹಾರದ ಬಗ್ಗೆ ಪಾರ್ಲಿಮೆಂಟಿನಲ್ಲಿ ಕೇಳಿದರೆ, ಅದು ನಿಗಮಕ್ಕೆ ಬಿಟ್ಟಿದ್ದು ಅಂತ ಪೋಸ್ಟ್‌ಮಾಸ್ಟರ್ ಜನರಲ್ ಕೈ ತೊಳ್ಕೊಳ್ತಿದ್ದರು. ಅದಕ್ಕೂ ಕಾರಣ ಇತ್ತು, ಇಲ್ಲದಿದ್ದರೆ ರೇಡಿಯೋ ಸರ್ಕಾರದ ತುತ್ತೂರಿ ಆಗ್ತಿತ್ತು. ಅಂದ್ರೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅನ್ನೋ ಮಾತು ಯಾವಾಗಲೂ ಕಳ್ಳ ಮಾತಲ್ಲ. ಹಾಗಾದ್ರೆ ಯಾರ ವ್ಯಾಪ್ತಿ ಅಂತ ಹೇಳದೇ ನಿಲ್ಲಿಸಿದಾಗ ಅದು ಕಳ್ಳ ಮಾತಾಗುತ್ತೆ.

ನಮ್ಮ 2005ರ ಮಾಹಿತಿ ಹಕ್ಕು ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು ಅನಿಸುತ್ತೆ. ಅದರ ಸೆಕ್ಷನ್ 6(3) ಓದಿ. ಕೇಳಿದ ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ, ಅರ್ಜಿಯನ್ನು ಐದು ದಿನದೊಳಗೆ ಆ ಕಚೇರಿಗೆ ತಾವೇ ಕಳಿಸಿ ಅರ್ಜಿದಾರನಿಗೆ ತಿಳಿಸಬೇಕು. ಸಕ್ಲಾತ್ವಾಲಾಗೆ ಇಲ್ಲದಿದ್ದ ಸವಲತ್ತು ಇದು. ಹತ್ತು ರೂಪಾಯಿಗೆ ನಮಗಿದೆ.

ನಾನು ಅದೇ ಸೆಕ್ಷನ್ ಬರೆದು ಮತ್ತೆ ಅರ್ಜಿ ಹಾಕಿದೆ. ಈ ಸಲದ ಉತ್ತರದಲ್ಲಿ, ಅರ್ಜಿ ವರ್ಗಾಯಿಸಿದ್ದೀವಿ ಅಂತ ಇನ್ನೊಂದು ಕಚೇರಿಯ ವಿಳಾಸ, ಒಂದು ಕಡತದ ನಂಬರು ಇತ್ತು. ಸೇತುವೆ ಇನ್ನೂ ಆಗಿಲ್ಲ. ಅವ್ವ ಫೋನಿನಲ್ಲಿ ಕೇಳಿದಳು, ‘ಏನಂತ ಬಂತೋ ಕಾಗದ?’

‘ಬ್ಯಾರೆ ಆಫೀಸಿಗೆ ಕಳಸ್ಯಾರಂತ ಬೇ. ಅವರನ್ನ ಕೇಳ್ತೀನಿ.’

‘ಕೇಳು ಕೇಳು. ಮಳಿಗಾಲ ಬರೂದರಾಗ ಕೇಳು.’